ರಾತ್ರಿ ಬಾಯಿ ಏಕೆ ಒಣಗುತ್ತದೆ?

ಸಂಜೆ ಏಳು ಗಂಟೆ. ನಮ್ಮ ಕಲಿಕಾ ಕೇಂದ್ರದಲ್ಲಿ ದೀಪ ಹತ್ತಿತ್ತು. ಕೆಲಸ ಮುಗಿಸಿ ಎಲ್ಲರೂ ಒಬ್ಬೊಬ್ಬರಾಗಿ ಬಂದರು. ಚಾಪೆಯ ಮೇಲೆ ಕುಳಿತರು. ಪುಸ್ತಕ ತೆರೆದರು. ಒಬ್ಬ ಅಕ್ಕ ಮಾತ್ರ ಗೋಡೆಗೆ ಒರಗಿ ತೂಕಡಿಸುತ್ತಿದ್ದರು.

"ಯಾಕಕ್ಕಾ, ಮೈ ಹುಷಾರಿಲ್ವಾ?" ಎಂದು ನಾವು ಕೇಳಿದೆವು.

"ಏನು ಹೇಳಲಿ ಟೀಚರಮ್ಮ! ರಾತ್ರಿ ನಿದ್ದೇನೇ ಇಲ್ಲ. ಬಾಯಿ ಒಣಗಿ ಕಟ್ಟಿಗೆ ಆಗುತ್ತೆ. ನಾಲಿಗೆ ಮೇಲಕ್ಕೆ ಅಂಟ್ಕೊಂಡು ಬಿಡುತ್ತೆ. ತಲೆ ಹತ್ರ ಚೊಂಬು ಇಟ್ಕೊಂಡೇ ಮಲಗ್ತೀನಿ. ಎದ್ದು ನೀರು ಕುಡೀತೀನಿ. ಆಮೇಲೆ ಒಂದಕ್ಕೆ ಏಳ್ತೀನಿ. ಬೆಳಗಾಗೋವರೆಗೂ ಇದೇ ಪಾಡು."

ಪಕ್ಕದಲ್ಲಿದ್ದ ಅಜ್ಜಿ ಹೇಳಿದರು: "ಅದು ಉಷ್ಣ ಕಣವ್ವಾ. ಬೆಲ್ಲದ ಪಾನಕ ಮಾಡ್ಕೊಂಡು ಕುಡಿ. ಬಾಯಲ್ಲಿ ಕಲ್ಲುಸಕ್ಕರೆ ಇಟ್ಕೊಂಡು ಮಲಗು."

"ಅದೂ ಮಾಡಿದೆ ಅಜ್ಜೀ. ಎರಡು ತಿಂಗಳಿಂದ ಮಾಡ್ತಾನೇ ಇದ್ದೀನಿ. ಒಣಗೋದು ಜಾಸ್ತೀನೇ ಆಯ್ತು."

ಅಜ್ಜಿಯ ಮಾತು ಪ್ರೀತಿಯ ಮಾತು. ನಾವೆಲ್ಲ ಹೀಗೇ ಹೇಳುತ್ತೇವೆ. ಬಾಯಿ ಒಣಗಿದರೆ ಉಷ್ಣ. ಕಣ್ಣು ಉರಿದರೆ ಉಷ್ಣ. ಆದರೆ 'ಉಷ್ಣ' ಎಂದು ಹೆಸರಿಟ್ಟು ಸುಮ್ಮನಾದರೆ ನಿಜವಾದ ಕಾರಣ ಅಡಗಿ ಕೂರುತ್ತದೆ. ಬಾಯಿ ಒಣಗುವುದು ಹಲವು ಕಾರಣಗಳಿಂದ. ಕೆಲವು ಸಣ್ಣವು. ಕೆಲವು ದೊಡ್ಡವು. ಯಾವುದು ಯಾವುದೆಂದು ತಿಳಿಯೋಣ ಬನ್ನಿ.

ಜೊಲ್ಲು ಎಂಬ ಕಾವಲುಗಾರ

ನಮ್ಮ ಬಾಯಿ ಸದಾ ತೇವವಾಗಿರುತ್ತದೆ. ಆ ತೇವ ಎಲ್ಲಿಂದ ಬರುತ್ತದೆ? ಜೊಲ್ಲಿನಿಂದ. ಜೊಲ್ಲು ಊರುವ ದೊಡ್ಡ ಗ್ರಂಥಿಗಳು ಮೂರು ಜೊತೆ ಇವೆ. ಒಂದು ಜೊತೆ ಕಿವಿಯ ಮುಂದೆ, ಕೆನ್ನೆಯಲ್ಲಿದೆ. ಇನ್ನೊಂದು ಜೊತೆ ದವಡೆಯ ಕೆಳಗಿದೆ. ಮತ್ತೊಂದು ನಾಲಿಗೆಯ ಕೆಳಗಿದೆ. ಇವುಗಳ ಜೊತೆಗೆ ತುಟಿ, ಕೆನ್ನೆಯ ಒಳಗೆಲ್ಲ ನೂರಾರು ಚಿಕ್ಕ ಗ್ರಂಥಿಗಳಿವೆ. ಎಲ್ಲ ಸೇರಿ ಒಂದು ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ಊರಿಸುತ್ತವೆ.

ಜೊಲ್ಲಿನ ಕೆಲಸ ಒಂದೆರಡಲ್ಲ. ಅದು ತುತ್ತನ್ನು ಮೆತ್ತಗೆ ಮಾಡುತ್ತದೆ. ನುಂಗಲು ದಾರಿ ಮಾಡುತ್ತದೆ. ರುಚಿ ತಿಳಿಸುತ್ತದೆ. ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಅನ್ನದ ಅಗುಳನ್ನು ತೊಳೆಯುತ್ತದೆ. ಹಲ್ಲನ್ನು ತಿನ್ನುವ ಹುಳಿಯನ್ನು ತಗ್ಗಿಸುತ್ತದೆ. ರೋಗಾಣುಗಳನ್ನು ತಡೆಯುತ್ತದೆ. ಹೊಲಕ್ಕೆ ಕಾವಲುಗಾರ ಹೇಗೋ, ಬಾಯಿಗೆ ಜೊಲ್ಲು ಹಾಗೆ.

ನಾವು ಮಲಗಿದಾಗ ಜೊಲ್ಲು ಊರುವುದು ತುಂಬ ಕಡಿಮೆಯಾಗುತ್ತದೆ. ಇದು ಎಲ್ಲರಿಗೂ ಸಹಜ. ಆದ್ದರಿಂದ ಬೆಳಗ್ಗೆ ಬಾಯಿ ಸ್ವಲ್ಪ ಅಂಟಂಟಾಗಿದ್ದರೆ ಹೆದರಬೇಕಿಲ್ಲ. ಬಾಯಿ ಮುಕ್ಕಳಿಸಿದರೆ ಸರಿಹೋಗುತ್ತದೆ. ಆದರೆ ಬಾಯಿ ಒಣಗಿ ನಿದ್ದೆಯಿಂದ ಎಚ್ಚರವಾಗುತ್ತದೆಯೇ? ದಿನವೂ ಹೀಗೇ ಆಗುತ್ತದೆಯೇ? ಹಾಗಿದ್ದರೆ ಕಾರಣ ಹುಡುಕಬೇಕು.

ಮೂಗು ಕಟ್ಟಿದರೆ ಬಾಯಿ ತೆರೆಯುತ್ತದೆ

ಉಸಿರಾಡಲು ಇರುವುದು ಮೂಗು. ಮೂಗು ಗಾಳಿಯ ದೂಳನ್ನು ಸೋಸುತ್ತದೆ. ಗಾಳಿಯನ್ನು ಬೆಚ್ಚಗೆ ಮಾಡುತ್ತದೆ. ತೇವ ಮಾಡಿ ಒಳಗೆ ಬಿಡುತ್ತದೆ. ಬಾಯಿಯಿಂದ ಉಸಿರಾಡಿದರೆ ಒಣ ಗಾಳಿ ನೇರ ನುಗ್ಗುತ್ತದೆ. ಒಗೆದ ಬಟ್ಟೆ ಗಾಳಿಗೆ ಒಣಗಿದ ಹಾಗೆ ನಾಲಿಗೆಯೂ ಒಣಗುತ್ತದೆ.

ಹಾಗಾದರೆ ರಾತ್ರಿ ಬಾಯಿ ತೆರೆಯುವುದೇಕೆ? ಮೂಗು ಕಟ್ಟಿರುವುದರಿಂದ. ನೆಗಡಿಯಿಂದ ಮೂಗು ಕಟ್ಟುತ್ತದೆ. ದೂಳು, ಸೌದೆ ಒಲೆಯ ಹೊಗೆ, ಸೊಳ್ಳೆ ಬತ್ತಿಯ ಹೊಗೆ ಕೆಲವರಿಗೆ ಒಗ್ಗುವುದಿಲ್ಲ. ಕೆಲವರಿಗೆ ಮೂಗಿನ ಒಳಗಿನ ಮೂಳೆ ಒಂದು ಕಡೆಗೆ ವಾಲಿರುತ್ತದೆ. ಕೆಲವರಿಗೆ ಮೂಗಿನೊಳಗೆ ಮಾಂಸ ಬೆಳೆದಿರುತ್ತದೆ.

ಮಕ್ಕಳಲ್ಲಿ ಇನ್ನೊಂದು ಕಾರಣವಿದೆ. ಮೂಗಿನ ಹಿಂದೆ, ಗಂಟಲಿನ ಮೇಲೆ ಒಂದು ಮೆತ್ತನೆಯ ಗಡ್ಡೆ ಇರುತ್ತದೆ. ಕೆಲವು ಮಕ್ಕಳಲ್ಲಿ ಅದು ಊದಿಕೊಂಡು ದಾರಿ ಕಟ್ಟುತ್ತದೆ. ಮಗು ಬಾಯಿ ತೆರೆದು ಮಲಗುತ್ತದೆ. ಗೊರಕೆ ಹೊಡೆಯುತ್ತದೆ. ನಿದ್ದೆ ಸಾಲದೆ ಶಾಲೆಯಲ್ಲಿ ಪಾಠದ ಕಡೆ ಗಮನ ಕೊಡುವುದಿಲ್ಲ. ನಾವು ಆ ಮಗುವನ್ನು 'ದಡ್ಡ' ಎಂದು ಬಯ್ಯುತ್ತೇವೆ. ತಪ್ಪು ಮಗುವಿನದಲ್ಲ, ಮೂಗಿನದು. ಇಂಥ ಮಗುವನ್ನು ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಬೇಕು.

ಗೊರಕೆಯನ್ನು ನಗೆಯಾಡಬೇಡಿ

"ನಮ್ಮ ಯಜಮಾನ್ರು ಗೊರಕೆ ಹೊಡೆದ್ರೆ ಬೀದಿಯ ನಾಯಿ ಎದ್ದೇಳುತ್ತೆ" ಎಂದು ಒಬ್ಬರು ಹೇಳಿದರು. ಎಲ್ಲರೂ ನಕ್ಕರು. ಆಮೇಲೆ ಅವರು ಮೆಲ್ಲಗೆ ಹೇಳಿದರು: "ಒಂದೊಂದು ಸಲ ಗೊರಕೆ ನಿಂತೇ ಹೋಗುತ್ತೆ. ಉಸಿರೂ ಇರಲ್ಲ. ನನಗೆ ಎದೆ ಡವಡವ ಅನ್ನುತ್ತೆ. ಆಮೇಲೆ ಗಕ್ಕನೆ ಉಸಿರು ಎಳ್ಕೊಳ್ತಾರೆ."

ಇದು ನಗುವ ಮಾತಲ್ಲ. ನಿದ್ದೆಯಲ್ಲಿ ಗಂಟಲಿನ ಮಾಂಸ ಸಡಿಲವಾಗುತ್ತದೆ. ನಾಲಿಗೆ ಹಿಂದಕ್ಕೆ ಜಾರುತ್ತದೆ. ಗಾಳಿಯ ದಾರಿ ಕಿರಿದಾಗಿ ಗೊರಕೆ ಬರುತ್ತದೆ. ದಾರಿ ಪೂರ್ತಿ ಮುಚ್ಚಿದರೆ ಹತ್ತು ಸೆಕೆಂಡು, ಇನ್ನೂ ಹೆಚ್ಚು ಹೊತ್ತು ಉಸಿರೇ ನಿಲ್ಲುತ್ತದೆ. ಆಗ ಮೆದುಳು ಗಾಬರಿಯಾಗಿ ಎಬ್ಬಿಸುತ್ತದೆ. ಒಂದೇ ರಾತ್ರಿಯಲ್ಲಿ ಹೀಗೆ ಹಲವಾರು ಸಲ ಆಗಬಹುದು. ಇವರಿಗೆ ಬೆಳಗ್ಗೆ ಬಾಯಿ ಒಣಗಿರುತ್ತದೆ. ತಲೆ ನೋಯುತ್ತದೆ. ಹಗಲೆಲ್ಲ ತೂಕಡಿಕೆ. ಲಾರಿ, ಟ್ರ್ಯಾಕ್ಟರ್ ಓಡಿಸುವವರಾದರೆ ಆ ತೂಕಡಿಕೆ ಜೀವಕ್ಕೇ ಕುತ್ತು. ಇಂಥವರಲ್ಲಿ ರಕ್ತದ ಒತ್ತಡವೂ ಹೆಚ್ಚುವುದುಂಟು. ಇದಕ್ಕೆ ಚಿಕಿತ್ಸೆ ಇದೆ. ಜೊತೆಗೆ ಮೈ ಬೊಜ್ಜು ಇಳಿಸಬೇಕು. ಮಗ್ಗುಲಾಗಿ ಮಲಗಬೇಕು. ರಾತ್ರಿ ಹೆಂಡ, ಸಾರಾಯಿ ಮುಟ್ಟಬಾರದು.

ಈಚೆಗೆ ಮೊಬೈಲಿನಲ್ಲಿ ಒಂದು ವಿಡಿಯೋ ಸುತ್ತುತ್ತಿದೆ. ಬಾಯಿಗೆ ಅಂಟುಪಟ್ಟಿ ಹಾಕಿಕೊಂಡು ಮಲಗಿ ಎನ್ನುತ್ತದೆ. ಹಾಗೆ ಮಾಡಬೇಡಿ. ಮೂಗು ಕಟ್ಟಿರುವವರಿಗೆ, ಉಸಿರು ನಿಲ್ಲುವವರಿಗೆ ಇದು ಅಪಾಯ. ಮಕ್ಕಳಿಗಂತೂ ಬೇಡವೇ ಬೇಡ. ಮೊದಲು ಮೂಗಿನ ದಾರಿ ಬಿಡಿಸಬೇಕು. ಆಗ ಬಾಯಿ ತಾನಾಗಿ ಮುಚ್ಚುತ್ತದೆ.

ನಾವೇ ತಂದುಕೊಳ್ಳುವ ಕಾರಣಗಳು

ಬೀಡಿ, ಸಿಗರೇಟಿನ ಹೊಗೆ ಬಾಯನ್ನು ಒಣಗಿಸುತ್ತದೆ. ಸಾರಾಯಿ ಮೈಯ ನೀರನ್ನು ಮೂತ್ರವಾಗಿ ಹೊರಹಾಕುತ್ತದೆ. ಕುಡಿದು ಮಲಗಿದವರು ನಡುರಾತ್ರಿ ನೀರಿಗಾಗಿ ತಡಕಾಡುವುದು ಇದಕ್ಕೇ. ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ ಜಗಿಯುವವರ ಬಾಯಿ ಉರಿಯುತ್ತದೆ, ಒಣಗುತ್ತದೆ. ಕೆಲವರಿಗೆ ಬರುಬರುತ್ತಾ ಬಾಯಿ ಅಗಲವಾಗಿ ತೆರೆಯಲೂ ಆಗುವುದಿಲ್ಲ. ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಬಾಯೊಳಗೆ ಹೋಗದಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಬೇಕು. ಅದು ಮುಂದೆ ಬಾಯಿ ಕ್ಯಾನ್ಸರ್ ಆಗಬಹುದು.

ಇನ್ನೊಂದು ಕಾರಣವನ್ನು ಹೆಂಗಸರು ಹೇಳಿಕೊಳ್ಳುವುದಿಲ್ಲ. ಹೊಲದಲ್ಲಿ, ಕಾರ್ಖಾನೆಯಲ್ಲಿ, ಕಟ್ಟಡದ ಕೆಲಸದಲ್ಲಿ ಅವರಿಗೆ ಹೋಗಲು ಶೌಚಾಲಯ ಇರುವುದಿಲ್ಲ. ಮರೆಯೂ ಇರುವುದಿಲ್ಲ. ಅದಕ್ಕೇ ಹಗಲೆಲ್ಲ ನೀರು ಕುಡಿಯುವುದಿಲ್ಲ. ರಾತ್ರಿ ಮನೆಗೆ ಬಂದು ಚೊಂಬುಗಟ್ಟಲೆ ಕುಡಿಯುತ್ತಾರೆ. ಹಗಲು ಮೈ ಒಣಗುತ್ತದೆ. ರಾತ್ರಿ ನಿದ್ದೆ ಕೆಡುತ್ತದೆ. ಮೂತ್ರದ ಉರಿಯೂ ಬರುತ್ತದೆ. ಇದು ಒಬ್ಬಳ ತೊಂದರೆಯಲ್ಲ. ಕೆಲಸದ ಜಾಗದಲ್ಲಿ ಶೌಚಾಲಯ ಬೇಕು ಎಂದು ಎಲ್ಲರೂ ಸೇರಿ ಕೇಳಬೇಕು.

ಹವೆಯೂ ಕಾರಣ. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆ ಬೇಸಿಗೆಯಲ್ಲಿ ಗಾಳಿ ಒಣಗಿ ಬಿಸಿಯಾಗಿರುತ್ತದೆ. ಫ್ಯಾನಿನ ಗಾಳಿ ನೇರ ಮುಖಕ್ಕೆ ಬಡಿದರೆ ಬಾಯಿ ಇನ್ನಷ್ಟು ಒಣಗುತ್ತದೆ.

ಮಾತ್ರೆಯೂ ಒಣಗಿಸಬಹುದು

ಒಬ್ಬ ತಾತ ನೆಗಡಿ, ತುರಿಕೆಗೆಂದು ಅಂಗಡಿಯಿಂದ ಮಾತ್ರೆ ತಂದು ದಿನವೂ ರಾತ್ರಿ ನುಂಗುತ್ತಿದ್ದರು. ಅವರ ಬಾಯಿ ಒಣಗಲು ಆ ಮಾತ್ರೆಯೇ ಕಾರಣವಾಗಿತ್ತು. ಅಲರ್ಜಿಯ ಮಾತ್ರೆಗಳು, ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆಗಳು, ಮನಸ್ಸಿನ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳು ಜೊಲ್ಲನ್ನು ಕಡಿಮೆ ಮಾಡುತ್ತವೆ. ವಯಸ್ಸಾದವರಿಗೆ ಬಾಯಿ ಒಣಗುವುದು ಹೆಚ್ಚಾಗಿ ಇಂಥ ಮಾತ್ರೆಗಳಿಂದ.

ಹಾಗೆಂದು ಬಿ.ಪಿ. ಮಾತ್ರೆಯನ್ನೋ ಬೇರೆ ಮಾತ್ರೆಯನ್ನೋ ನೀವಾಗಿ ನಿಲ್ಲಿಸಬೇಡಿ. ಹಾಗೆ ಮಾಡಿದರೆ ಜೀವಕ್ಕೆ ಅಪಾಯ. ನೀವು ಈಗ ಓದು ಕಲಿತಿದ್ದೀರಿ. ಮಾತ್ರೆಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಹೆಸರು ಇಂಗ್ಲಿಷಿನಲ್ಲಿದ್ದರೆ ಮಾತ್ರೆಯ ಹಾಳೆಯನ್ನೇ ಕೊಂಡೊಯ್ಯಿರಿ. "ಇದರಿಂದ ಬಾಯಿ ಒಣಗುತ್ತಾ ಡಾಕ್ಟ್ರೇ? ಬೇರೆ ಮಾತ್ರೆ ಇದೆಯಾ?" ಎಂದು ಕೇಳಿ. ಕೇಳಲು ಸಂಕೋಚ ಬೇಡ.

ಸಕ್ಕರೆ ಕಾಯಿಲೆಯ ಸುಳಿವು

ಈಗ ನಮ್ಮ ಅಕ್ಕನ ಕಥೆಗೆ ಬರೋಣ. ನಾವು ಅವರನ್ನು ಆಶಾ ಕಾರ್ಯಕರ್ತೆಯ ಬಳಿ ಕಳಿಸಿದೆವು. ಆಶಾ ತಂಗಿ ನಾಲ್ಕು ಪ್ರಶ್ನೆ ಕೇಳಿದರು.

"ಅಕ್ಕಾ, ಬಾಯಾರಿಕೆ ಜಾಸ್ತಿನಾ?"

"ಹೂಂ."

"ಪದೇ ಪದೇ ಒಂದಕ್ಕೆ ಹೋಗ್ತೀರಾ?"

"ರಾತ್ರಿ ನಾಲ್ಕೈದು ಸಲ."

"ಮೈ ಇಳಿದಿದೆಯಾ? ಸುಸ್ತಾಗುತ್ತಾ?"

"ಕುಪ್ಪಸ ಎಲ್ಲ ಸಡಿಲ ಆಗಿದೆ ಕಣಮ್ಮ. ನಡೆದ್ರೆ ಸಾಕು, ಸುಸ್ತು."

"ಗಾಯ ಆದ್ರೆ ಬೇಗ ಒಣಗುತ್ತಾ?"

"ಕಾಲಿಗೆ ಮುಳ್ಳು ಚುಚ್ಚಿ ತಿಂಗಳಾಯ್ತು. ಇನ್ನೂ ಮಾಗಿಲ್ಲ."

ಬಾಯಿ ಒಣಗುತ್ತಿತ್ತು, ಗಾಯ ಒಣಗುತ್ತಿರಲಿಲ್ಲ! ಮರುದಿನವೇ ಅಕ್ಕ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರು. ಬೆಳಗ್ಗೆ ಏನೂ ತಿನ್ನದೆ ಹೋಗಿದ್ದರು. ರಕ್ತ ಪರೀಕ್ಷೆ ಆಯಿತು. ಚೀಟಿಯಲ್ಲಿ 182 ಎಂದಿತ್ತು. ಅಕ್ಕ ಆ ಅಂಕಿಯನ್ನು ತಾವೇ ಓದಿದರು. ಇನ್ನೊಮ್ಮೆ ಪರೀಕ್ಷೆ ಮಾಡಿದ ಮೇಲೆ ಡಾಕ್ಟರು ಹೇಳಿದರು: "ಇದು ಸಕ್ಕರೆ ಕಾಯಿಲೆ. ಹೆದರಬೇಡಿ. ಸರಿಯಾದ ಹೊತ್ತಿಗೆ ಬಂದಿದ್ದೀರಿ."

ಸಕ್ಕರೆ ಕಾಯಿಲೆಗೂ ಬಾಯಿ ಒಣಗುವುದಕ್ಕೂ ಏನು ಸಂಬಂಧ? ರಕ್ತದಲ್ಲಿ ಸಕ್ಕರೆ ತುಂಬ ಹೆಚ್ಚಿದರೆ ಮೂತ್ರಪಿಂಡಗಳು ಅದನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಸಕ್ಕರೆ ಹೋಗುವಾಗ ಮೈಯ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಮೂತ್ರ ಹೆಚ್ಚುತ್ತದೆ. ಮೈಯಲ್ಲಿ ನೀರು ಕಡಿಮೆಯಾಗುತ್ತದೆ. ಬಾಯಿ ಒಣಗುತ್ತದೆ. ಆಗ ಪಾನಕ ಕುಡಿದರೆ ಏನಾಗುತ್ತದೆ? ಸಕ್ಕರೆ ಇನ್ನೂ ಏರುತ್ತದೆ. ಬಾಯಿ ಇನ್ನೂ ಒಣಗುತ್ತದೆ. ಅಕ್ಕನಿಗೆ ಆಗಿದ್ದು ಇದೇ. ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ.

ಈ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ರಾತ್ರಿ ಉಂಡ ಮೇಲೆ ಎಂಟು ಗಂಟೆ ಹೊತ್ತು ಏನೂ ತಿನ್ನದೆ, ಬೆಳಗ್ಗೆ ಬರಿಹೊಟ್ಟೆಯಲ್ಲಿ ಮಾಡಿಸುವ ಪರೀಕ್ಷೆ ಇದು. ನೀರು ಕುಡಿಯಬಹುದು.

100ಕ್ಕಿಂತ ಕಡಿಮೆ ಇದ್ದರೆ ಸರಿಯಾಗಿದೆ.
100ರಿಂದ 125 ಇದ್ದರೆ ಎಚ್ಚರಿಕೆ.
126 ಅಥವಾ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ ಇರಬಹುದು. ಡಾಕ್ಟರು ಮತ್ತೊಮ್ಮೆ ನೋಡಿ ಖಚಿತ ಮಾಡುತ್ತಾರೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಒಂದು ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ತಮಗೆ ಕಾಯಿಲೆ ಇರುವುದೇ ಗೊತ್ತಿಲ್ಲದವರು ಬಹಳ ಮಂದಿ. 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆ ಮತ್ತು ಬಿ.ಪಿ. ತಪಾಸಣೆ ಉಚಿತ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ಬಿಟ್ಟರೆ ಏನಾಗುತ್ತದೆ?

ಬಾಯಿ ದಿನವೂ ಒಣಗಿದರೆ ಕಾವಲುಗಾರನಿಲ್ಲದ ಹೊಲದಂತೆ ಆಗುತ್ತದೆ. ಹಲ್ಲು ಹುಳುಕಾಗುತ್ತದೆ. ಒಸಡು ಊದುತ್ತದೆ. ಬಾಯಿ ವಾಸನೆ ಬರುತ್ತದೆ. ತುಟಿ ಒಡೆಯುತ್ತದೆ. ನಾಲಿಗೆಯ ಮೇಲೆ ಬಿಳಿ ಬೂಸ್ಟಿನಂಥ ಪದರ ಕಟ್ಟಿ ಉರಿಯುತ್ತದೆ. ಕಲ್ಲುಸಕ್ಕರೆ ಬಾಯಲ್ಲಿಟ್ಟು ಮಲಗಿದರೆ ಹಲ್ಲು ಇನ್ನೂ ಬೇಗ ಕೆಡುತ್ತದೆ. ಮಗುವಿನ ಬಾಯಿಗೆ ಹಾಲಿನ ಬಾಟಲಿ ಇಟ್ಟು ಮಲಗಿಸಿದರೂ ಹೀಗೇ. ರಾತ್ರಿ ತೊಳೆಯಲು ಜೊಲ್ಲು ಸಾಲುವುದಿಲ್ಲ ಎಂಬುದು ನೆನಪಿರಲಿ.

ಮನೆಯಲ್ಲಿ ಏನು ಮಾಡಬಹುದು?

1. ಹಗಲು ಹೊತ್ತು ಆಗಾಗ ಸ್ವಲ್ಪ ಸ್ವಲ್ಪ ನೀರು ಕುಡಿಯಿರಿ. ಎಲ್ಲವನ್ನೂ ರಾತ್ರಿಗೆ ಉಳಿಸಬೇಡಿ. ಮಜ್ಜಿಗೆ ಒಳ್ಳೆಯದು. ಹೃದಯ, ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ಡಾಕ್ಟರು ಹೇಳಿದಷ್ಟೇ ನೀರು ಕುಡಿಯಬೇಕು.

2. ಮಲಗುವ ಮುಂಚೆ ಹಲ್ಲು ಉಜ್ಜಿ. ಇದ್ದಿಲು, ಇಟ್ಟಿಗೆ ಪುಡಿ ಬೇಡ. ಬ್ರಶ್ಶು, ಪೇಸ್ಟು ಬಳಸಿ. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದು, ತೊಳೆದು ನೀರಿನಲ್ಲಿಡಿ.

3. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಿಕ್ಕ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಿ. ನುಂಗಬೇಡಿ.

4. ಸಂಜೆಯ ಮೇಲೆ ಕಾಫಿ, ಟೀ ಕಡಿಮೆ ಮಾಡಿ. ಬೀಡಿ, ಹೊಗೆಸೊಪ್ಪು, ಸಾರಾಯಿ ಬಿಡಿ.

5. ಮಗ್ಗುಲಾಗಿ ಮಲಗಿ. ಮೂಗು ಕಟ್ಟಿದ್ದರೆ ತಲೆ ಸ್ವಲ್ಪ ಎತ್ತರಕ್ಕಿರಲಿ. ಮೂಗಿಗೆ ಹಾಕುವ ಉಪ್ಪುನೀರಿನ ಹನಿ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಮಕ್ಕಳಿಗೆ ಕುದಿನೀರಿನ ಹಬೆ ಹಿಡಿಸಬೇಡಿ. ಸುಟ್ಟುಕೊಂಡಾರು.

6. ಮಲಗುವ ಕೋಣೆಯಲ್ಲಿ ಹೊಗೆ ಬೇಡ. ಹಾಸಿಗೆ, ದಿಂಬನ್ನು ಬಿಸಿಲಿಗೆ ಹಾಕಿ ದೂಳು ಕೊಡವಿ. ಸೊಳ್ಳೆ ಬತ್ತಿಗೆ ಬದಲು ಸೊಳ್ಳೆ ಪರದೆ ಕಟ್ಟಿ.

7. ಒಣ ಬೇಸಿಗೆಯಲ್ಲಿ ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ. ಫ್ಯಾನಿನ ಗಾಳಿ ನೇರ ಮುಖಕ್ಕೆ ಬೀಸದಿರಲಿ.

ಯಾವಾಗ ಡಾಕ್ಟರ ಬಳಿ ಹೋಗಬೇಕು?

ಇಷ್ಟು ಮಾಡಿಯೂ ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ ಹೋಗಿ. ಇನ್ನು ಕೆಲವು ಲಕ್ಷಣಗಳಿಗೆ ಎರಡು ವಾರ ಕಾಯುವುದೇ ಬೇಡ. ಬಾಯಾರಿಕೆ, ಮೂತ್ರ ಎರಡೂ ಹೆಚ್ಚಾಗಿದ್ದರೆ, ಮೈ ಇಳಿಯುತ್ತಿದ್ದರೆ, ನಿದ್ದೆಯಲ್ಲಿ ಉಸಿರು ನಿಲ್ಲುತ್ತಿದ್ದರೆ, ಬಾಯಲ್ಲಿ ಮಾಗದ ಹುಣ್ಣು ಅಥವಾ ಬಿಳಿ, ಕೆಂಪು ಮಚ್ಚೆ ಇದ್ದರೆ, ಕೂಡಲೇ ಹೋಗಿ. ಬಾಯಿಯ ಜೊತೆಗೆ ಕಣ್ಣೂ ಒಣಗಿ, ಮರಳು ಬಿದ್ದ ಹಾಗೆ ಚುಚ್ಚುತ್ತಿದ್ದರೆ ಅದನ್ನೂ ಹೇಳಿ. ಅದು ಬೇರೆ ಒಂದು ಕಾಯಿಲೆಯ ಗುರುತಾಗಿರಬಹುದು.

ಅಕ್ಕ ಈಗ ಹೇಗಿದ್ದಾರೆ?

ಮೂರು ತಿಂಗಳು ಕಳೆದವು. ಅಕ್ಕ ದಿನವೂ ಮಾತ್ರೆ ನುಂಗುತ್ತಾರೆ. ಪಾನಕ ಬಿಟ್ಟಿದ್ದಾರೆ. ಅನ್ನ ಕಡಿಮೆ ಮಾಡಿದ್ದಾರೆ. ಮುದ್ದೆಯೂ ಅಳತೆಯಲ್ಲಿ. ಸೊಪ್ಪು, ಕಾಳು ಹೆಚ್ಚು. ಕಾಲಿನ ಗಾಯ ಮಾಗಿದೆ. ರಾತ್ರಿ ಒಂದು ಸಲ ಎದ್ದರೆ ಹೆಚ್ಚು. ತಲೆಯ ಹತ್ತಿರದ ಚೊಂಬು ಅಡುಗೆಮನೆಗೆ ಹೋಗಿದೆ.

ಮೊನ್ನೆ ಕೇಂದ್ರದಲ್ಲಿ ಇನ್ನೊಬ್ಬ ತಂಗಿ, "ನನಗೂ ಬಾಯಿ ಒಣಗುತ್ತೆ, ಉಷ್ಣ ಇರಬೇಕು" ಎಂದಳು. ಅಜ್ಜಿಯೇ ಮೊದಲು ಮಾತಾಡಿದರು: "ಉಷ್ಣಾನೋ ಏನೋ, ಮೊದಲು ಹೋಗಿ ರಕ್ತ ತೋರಿಸ್ಕೊಂಡು ಬಾ. ಪಾನಕ ಆಮೇಲೆ ಕುಡಿದರಾಯ್ತು."

ಎಲ್ಲರೂ ನಕ್ಕರು. ನಾವೂ ನಕ್ಕೆವು. ಆ ತಂಗಿ ಮರುದಿನವೇ ಹೋಗಿ ಬಂದಳು. ಅವಳ ಚೀಟಿಯಲ್ಲಿ 92 ಎಂದಿತ್ತು. ಅವಳಿಗೆ ಮೂಗು ಕಟ್ಟಿತ್ತು, ಅಷ್ಟೆ.

ಓದಿ, ಉತ್ತರ ಬರೆಯಿರಿ

1. ಜೊಲ್ಲು ಮಾಡುವ ಮೂರು ಕೆಲಸಗಳನ್ನು ಬರೆಯಿರಿ.
2. ಅಕ್ಕನಿಗೆ ಪಾನಕದಿಂದ ಬಾಯಿ ಇನ್ನೂ ಒಣಗಿದ್ದು ಏಕೆ?
3. ನಿಮ್ಮ ಮನೆಯಲ್ಲಿ ದಿನವೂ ಯಾರು ಮಾತ್ರೆ ನುಂಗುತ್ತಾರೆ? ಯಾವ ಕಾಯಿಲೆಗೆ? ಬರೆಯಿರಿ.
4. ನಿಮ್ಮ ಮನೆಯಲ್ಲಿ 30 ವರ್ಷ ದಾಟಿದವರು ಎಷ್ಟು ಮಂದಿ? ಅವರಲ್ಲಿ ಎಷ್ಟು ಮಂದಿ ಸಕ್ಕರೆ ಪರೀಕ್ಷೆ ಮಾಡಿಸಿದ್ದಾರೆ? ಉಳಿದವರನ್ನು ಯಾವ ದಿನ ಕರೆದುಕೊಂಡು ಹೋಗುತ್ತೀರಿ?